ಮರ ಅಪ್ಪಿಕೊಂಡ ಮಲೆನಾಡು ಕಾಡಿನ ವರದಿಯನ್ನು ಬೇಡ ಅಂದಿದ್ದೇಕೆ?

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಹತ್ತಿರದ ಕಾಡಿಗೆ ನಡೆದು ಹೋದರು. ಅಲ್ಲಿ ಅರಣ್ಯ ಇಲಾಖೆಯ ಪರವಾನಗಿಯ ಮೇಲೆ ಮರ ಕಡಿಯುವ ಕೆಲಸ ನಡೆದಿತ್ತು. ಊರಿನವರು ಕೊಡಲಿಗೆ ಅಡ್ಡ ನಿಂತು ಮರಗಳನ್ನು ತಬ್ಬಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ. ಅದಕ್ಕೂ ಮೊದಲೇ ಇದೇ ಸೀಮೆಯವರು ಬೇಡ್ತಿ ಹೊಳೆಗೆ ಅಣೆಕಟ್ಟು ಬೇಡ ಎಂದು ಹೋರಾಡಿದ್ದರು.

ಇದಾಗಿ ಮೂವತ್ತು ವರ್ಷ ಕಳೆಯಿತು. 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು. ಪಶ್ಚಿಮ ಘಟ್ಟದ ಕಾಡು ಉಳಿಸಬೇಕು ಎನ್ನುವ ವರದಿ ಅದು. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು, ಎಲ್ಲ ಕಡೆ ವಿರೋಧ ಎದ್ದಿತು. ಪಂಚಾಯ್ತಿಗಳಲ್ಲಿ ಬೇಡ ಎಂಬ ಠರಾವಾಯಿತು. ಬಂದ್ ನಡೆದವು. ಪಕ್ಷ ಯಾವುದಾದರೂ ಆ ಭಾಗದ ಶಾಸಕರೆಲ್ಲ ಒಂದೇ ಮಾತಾಡಿದರು.

ದೂರದಿಂದ ನೋಡಿದವರಿಗೆ ಇದು ಸುಲಭದ ಕಥೆ. ಮೊದಲಿನ ಜನಕ್ಕೆ ಕಾಡಿನ ಮೇಲೆ ಪ್ರೀತಿ ಇತ್ತು, ಈಗಿನವರಿಗೆ ದುಡ್ಡಿನ ಆಸೆ ಎಂದು ಹೇಳಿ ಮುಗಿಸುತ್ತಾರೆ. ಆದರೆ ಮಲೆನಾಡಿನ ಯಾವ ಅಂಗಡಿಯ ಜಗಲಿಯಲ್ಲಿ ಕೂತು ಕೇಳಿ, ಕಾಡು ಹೋಗಲಿ ಎನ್ನುವವರು ಸಿಗುವುದು ಕಷ್ಟ. ಸಿಗುವುದು ಬೇರೆ ಮಾತು: "ಕಾಡು ಉಳೀಲಿ ಮಾರಾಯ್ರೇ, ಆದರೆ ನಾವೊಬ್ಬರೇ ಯಾಕೆ?"

ಈ ಪ್ರಶ್ನೆಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಪರಿಸರದ ಕಾನೂನುಗಳಿಗೆ ಜನ ಯಾಕೆ ಒಪ್ಪುತ್ತಾರೆ, ಯಾಕೆ ತಿರುಗಿ ಬೀಳುತ್ತಾರೆ ಎನ್ನುವುದನ್ನು ಬಿಡಿಸಿ ನೋಡಿದರೆ ಹೆಚ್ಚಿನ ಎಳೆಗಳು ಈ ಪ್ರಶ್ನೆಯ ಹತ್ತಿರವೇ ಬಂದು ಸೇರುತ್ತವೆ.

ವರದಿಯಲ್ಲಿ ಇದ್ದದ್ದೇನು?

ಮೊದಲು ಬಂದದ್ದು ಗಾಡ್ಗೀಳ್ ವರದಿ. ಕೇಂದ್ರ ಸರ್ಕಾರ 2010ರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 2011ರ ಆಗಸ್ಟ್‌ನಲ್ಲಿ ಅವರು ವರದಿ ಕೊಟ್ಟರು. ಇಡೀ ಪಶ್ಚಿಮ ಘಟ್ಟವೇ ಸೂಕ್ಷ್ಮ, ಅದನ್ನು ಮೂರು ವಲಯಗಳಾಗಿ ಮಾಡಿ ಒಂದೊಂದಕ್ಕೆ ಒಂದೊಂದು ಮಟ್ಟದ ಕಟ್ಟುಪಾಡು ಇಡೋಣ ಎಂದರು. ಗಡಿ ಎಲ್ಲಿ, ನಿಯಮ ಏನು ಎನ್ನುವುದನ್ನು ಕೊನೆಗೆ ಗ್ರಾಮಸಭೆಗಳಲ್ಲಿ ಕೂತು ತೀರ್ಮಾನಿಸಬೇಕು ಎಂಬುದು ಆ ವರದಿಯ ಜೀವಾಳ.

ಅದು ಬಹಳ ಬಿಗಿಯಾಯಿತು ಎಂಬ ಕೂಗೆದ್ದಾಗ, ಬಾಹ್ಯಾಕಾಶ ವಿಜ್ಞಾನಿ ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಇನ್ನೊಂದು ತಂಡ ಬಂತು. ಅವರು 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟರು. ಘಟ್ಟದ ಸುಮಾರು 37% ಜಾಗವನ್ನು, ಅಂದರೆ ಹತ್ತಿರ ಹತ್ತಿರ 60,000 ಚದರ ಕಿಲೋಮೀಟರನ್ನು, ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸಿದರು. ಕೇಂದ್ರದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆರು ರಾಜ್ಯಗಳಲ್ಲಿ ನಮ್ಮದೇ ಎಲ್ಲಕ್ಕಿಂತ ದೊಡ್ಡ ಪಾಲು. ಸಾವಿರದೈನೂರಕ್ಕೂ ಜಾಸ್ತಿ ಹಳ್ಳಿಗಳು ಆ ಪಟ್ಟಿಯಲ್ಲಿವೆ.

ಪಟ್ಟಿಗೆ ಸೇರಿದರೆ ಆಗುವುದೇನು? ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆಗೆ ನಿಷೇಧ. ಹೊಸ ಉಷ್ಣ ವಿದ್ಯುತ್ ಸ್ಥಾವರ ಇಲ್ಲ. ಹೆಚ್ಚು ಮಾಲಿನ್ಯ ಮಾಡುವ, ಕೆಂಪು ಪಟ್ಟಿಯ ಕೈಗಾರಿಕೆಗಳು ಹೊಸದಾಗಿ ಬರುವಂತಿಲ್ಲ. 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ ಕಟ್ಟುವಂತಿಲ್ಲ. ಆ ಕೊನೆಯದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. 20,000 ಚದರ ಮೀಟರ್ ಅಂದರೆ 2 ಲಕ್ಷ ಚದರ ಅಡಿಗೂ ಮೇಲೆ. ಯಾವ ಅಡಿಕೆ ಬೆಳೆಗಾರರೂ ಅಷ್ಟು ದೊಡ್ಡ ಮನೆ ಕಟ್ಟುವುದಿಲ್ಲ. ಇರುವ ಮನೆಯ ರಿಪೇರಿಗೆ ತಡೆಯಿಲ್ಲ, ಆಸ್ತಿ ಮಾರುವುದಕ್ಕೆ ತಡೆಯಿಲ್ಲ ಎಂದು ಕರಡಿನಲ್ಲೇ ಇದೆ.

ಹಾಗಾದರೆ ಗದ್ದೆ ತೋಟ ಬಿಟ್ಟು ಎದ್ದು ಹೋಗಬೇಕು, ಹೊಸ ಹೆಂಚು ಹೊದಿಸುವ ಹಾಗಿಲ್ಲ ಎಂಬ ಸುದ್ದಿಗಳು ಊರೂರು ಸುತ್ತಿದ್ದು ಹೇಗೆ? ಕೆಲವರು ಬೇಕೆಂದೇ ಹಬ್ಬಿಸಿದರು, ನಿಜ. ಆದರೆ ಹಬ್ಬಿಸಿದ್ದೆಲ್ಲ ಅಂಟುವುದಿಲ್ಲ ಅಲ್ವಾ? ಈ ಸುದ್ದಿ ಅಂಟಿಕೊಂಡಿತು. ಯಾಕೆ ಅಂಟಿಕೊಂಡಿತು ಎನ್ನುವುದು ಮುಖ್ಯ.

ಕೆರೆಯ ಹೂಳು, ಮನೆಗೊಬ್ಬ ಆಳು

ಊರ ಕೆರೆಯ ಹೂಳೆತ್ತುವ ಕೆಲಸವನ್ನು ನೆನೆಸಿಕೊಳ್ಳಿ. ಮನೆಗೊಬ್ಬರು ಬರಬೇಕು ಎಂದು ಮಾತಾಗಿದೆ. ಮೊದಲ ದಿನ ಎಲ್ಲರೂ ಬರುತ್ತಾರೆ. ಎರಡನೇ ದಿನ ಕೆರೆಯ ಕೆಳಗೆ ಹತ್ತೆಕರೆ ಗದ್ದೆ ಇರುವ ದೊಡ್ಡ ಮನೆಯವರೇ ಬರಲಿಲ್ಲ. ಮೂರನೇ ದಿನ ಅವರ ಅಕ್ಕಪಕ್ಕದವರು ತಪ್ಪಿಸುತ್ತಾರೆ. ವಾರ ಕಳೆಯುವುದರೊಳಗೆ ಗುದ್ದಲಿ ಹಿಡಿದು ನಿಂತವರು ನಾಲ್ಕೇ ಜನ. ಅವರೂ ಮಾರನೆಯ ದಿನ ಬರುವುದಿಲ್ಲ. ಅವರು ಸೋಮಾರಿಗಳಲ್ಲ, ಕೆರೆ ಬೇಡ ಎಂದೂ ಅಲ್ಲ. ತಾವು ಮೋಸ ಹೋಗುತ್ತಿದ್ದೇವೆ ಎಂಬ ಭಾವನೆ ಬಂದಮೇಲೆ ಕೈ ಏಳುವುದಿಲ್ಲ.

ಅರ್ಥಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ನಾಲ್ಕು ಜನರಿಗೆ ಒಂದಿಷ್ಟು ದುಡ್ಡು ಕೊಟ್ಟು, ಸಾಮೂಹಿಕ ಡಬ್ಬಿಗೆ ಎಷ್ಟು ಬೇಕಾದರೂ ಹಾಕಿ ಎನ್ನುತ್ತಾರೆ. ಡಬ್ಬಿಗೆ ಬಿದ್ದ ಹಣವನ್ನು ಹೆಚ್ಚಿಸಿ ನಾಲ್ವರಿಗೂ ಸಮವಾಗಿ ಹಂಚುತ್ತಾರೆ. ಮೊದಲ ಸುತ್ತುಗಳಲ್ಲಿ ಜನ ಧಾರಾಳವಾಗಿ ಹಾಕುತ್ತಾರೆ. ಯಾರೋ ಒಬ್ಬ ಏನೂ ಹಾಕದೆ ಪಾಲು ಮಾತ್ರ ತೆಗೆದುಕೊಳ್ಳುತ್ತಿದ್ದಾನೆ ಎಂದು ಗೊತ್ತಾಗುತ್ತಿದ್ದಂತೆ ಉಳಿದವರೂ ಕೈ ಬಿಗಿ ಮಾಡುತ್ತಾರೆ. ಹಾಗೆ ತಪ್ಪಿಸಿಕೊಂಡವನಿಗೆ ದಂಡ ಹಾಕುವ ಅವಕಾಶ ಕೊಟ್ಟರೆ ಡಬ್ಬಿ ಮತ್ತೆ ತುಂಬುತ್ತದೆ. ಬಹಳಷ್ಟು ಜನ ಪೂರ್ತಿ ಸ್ವಾರ್ಥಿಗಳೂ ಅಲ್ಲ, ಪೂರ್ತಿ ತ್ಯಾಗಿಗಳೂ ಅಲ್ಲ. ಬೇರೆಯವರು ಮಾಡಿದರೆ ನಾನೂ ಮಾಡುತ್ತೇನೆ ಎನ್ನುವವರು.

ಇದು ಬರೀ ಪ್ರಯೋಗಶಾಲೆಯ ಮಾತಲ್ಲ. 125 ದೇಶಗಳ ಸುಮಾರು 1,30,000 ಜನರನ್ನು ಕೇಳಿದ ಒಂದು ಸಮೀಕ್ಷೆ 2024ರಲ್ಲಿ ಪ್ರಕಟವಾಯಿತು. ಹವಾಮಾನ ಬದಲಾವಣೆ ತಡೆಯಲು ತಿಂಗಳ ಆದಾಯದ 1% ಕೊಡುತ್ತೀರಾ ಎಂದರೆ 69% ಜನ ಹೂಂ ಎಂದರು. ನಿಮ್ಮ ದೇಶದ ಉಳಿದವರಲ್ಲಿ ಎಷ್ಟು ಜನ ಕೊಡಬಹುದು ಎಂದು ಕೇಳಿದಾಗ ಬಂದ ಉತ್ತರ ಸರಾಸರಿ 43%. ಕೊಡುವ ಮನಸ್ಸು ಇದೆ, ಪಕ್ಕದವರೂ ಕೊಡುತ್ತಾರೆ ಎಂಬ ನಂಬಿಕೆ ಇಲ್ಲ. ಭಾರತವೂ ಸೇರಿದಂತೆ 20 ದೇಶಗಳಲ್ಲಿ ನಡೆದ ಇನ್ನೊಂದು ಸಮೀಕ್ಷೆ ಹವಾಮಾನ ನೀತಿಗಳಿಗೆ ಬೆಂಬಲ ಯಾವುದರ ಮೇಲೆ ನಿಂತಿದೆ ಎಂದು ಹುಡುಕಿತು. ಸಿಕ್ಕಿದ್ದು ಮೂರು ವಿಚಾರ. ಇದರಿಂದ ನಿಜವಾಗಿ ಪ್ರಯೋಜನ ಇದೆಯಾ, ಬಡವರ ಮೇಲೆ ಹೊರೆ ಬೀಳುತ್ತದಾ, ನನ್ನ ಮನೆಗೆ ಏನಾಗುತ್ತದೆ.

ಈಗ ಮಲೆನಾಡಿಗೆ ಮರಳಿ ಬರೋಣ. ಇಲ್ಲಿ ಕೆರೆಗೆ ಬಾರದ ದೊಡ್ಡ ಮನೆ ಯಾವುದು?

ಸಕಲೇಶಪುರದ ರೈತ ತನ್ನ ಹಿತ್ತಲ ಅಂಚಿನ ಒಂದು ಮರ ಕಡಿಯಬೇಕಾದರೆ ಅರ್ಜಿ, ಪರಿಶೀಲನೆ, ಓಡಾಟ. ಅದೇ ತಾಲ್ಲೂಕಿನಲ್ಲಿ ಎತ್ತಿನಹೊಳೆ ಯೋಜನೆಗಾಗಿ ಗುಡ್ಡ ಬಗೆದು, ಕಾಡಿನ ನಡುವೆ ಕಾಲುವೆ ಪೈಪು ಹಾಕಿದ್ದನ್ನು ಅವನು ವರ್ಷಗಟ್ಟಲೆ ಕಣ್ಣಾರೆ ನೋಡಿದ್ದಾನೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿತ್ತು. ಚಹಾ ಅಂಗಡಿ ಕೊಚ್ಚಿ ಹೋಯಿತು, ಲಾರಿ ಗಂಗಾವಳಿ ನದಿಯ ಪಾಲಾಯಿತು, ಜನ ಸತ್ತರು. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದ್ದನ್ನು ಆ ದಾರಿಯಲ್ಲಿ ಓಡಾಡುವ ಎಲ್ಲರೂ ನೋಡಿದ್ದರು. ದೊಡ್ಡ ಯೋಜನೆಗೆ ಒಂದು ನ್ಯಾಯ, ಸಣ್ಣ ಹಿಡುವಳಿಗೆ ಇನ್ನೊಂದು ನ್ಯಾಯ ಎಂದು ಜನಕ್ಕೆ ಅನಿಸುವುದಕ್ಕೆ ಯಾರೂ ಭಾಷಣ ಮಾಡಬೇಕಿಲ್ಲ.

ಇಂಥದ್ದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಫ್ರಾನ್ಸಿನಲ್ಲಿ 2018ರ ನವೆಂಬರ್‌ನಲ್ಲಿ ಹಳದಿ ಜಾಕೆಟ್ ತೊಟ್ಟವರು ರಸ್ತೆ ತಡೆದದ್ದು ಪೆಟ್ರೋಲ್ ಡೀಸೆಲ್ ಮೇಲಿನ ಹಸಿರು ತೆರಿಗೆ ಏರುವುದನ್ನು ವಿರೋಧಿಸಿ. ಅದೇ ವರ್ಷ ಅಲ್ಲಿನ ಸರ್ಕಾರ ಶ್ರೀಮಂತರ ಸಂಪತ್ತಿನ ಮೇಲಿನ ತೆರಿಗೆಯನ್ನು ಬಹುಮಟ್ಟಿಗೆ ತೆಗೆದುಹಾಕಿತ್ತು. ಹಳ್ಳಿಯಲ್ಲಿದ್ದು ಕೆಲಸಕ್ಕೆ ಕಾರಿನಲ್ಲೇ ಹೋಗಬೇಕಾದವರಿಗೆ ಈ ಎರಡೂ ಒಟ್ಟಿಗೇ ಕಂಡವು. ಸರ್ಕಾರ ಆ ಏರಿಕೆಯನ್ನು ಕೈಬಿಡಬೇಕಾಯಿತು.

ಹಳೆಯ ಲೆಕ್ಕ ಇನ್ನೂ ಮುಗಿದಿಲ್ಲ

ಹೊರೆಯ ಹಂಚಿಕೆಗಿಂತಲೂ ಆಳಕ್ಕೆ ಹೋದ ಇನ್ನೊಂದು ಗಾಯ ಇದೆ. ಅದು ನೆನಪಿನದ್ದು. ಶರಾವತಿಯ ಕಥೆ ಹೇಳದೆ ಮಲೆನಾಡಿನ ಸಿಟ್ಟು ಅರ್ಥವಾಗುವುದಿಲ್ಲ ಎಂದು ನನಗೆ ಅನಿಸುತ್ತದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲೇ ಹಿರೇಭಾಸ್ಕರ ಅಣೆಕಟ್ಟಿನಲ್ಲಿ ಒಮ್ಮೆ ಮುಳುಗಿದ್ದವರಿದ್ದರು. ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿನಡಿಗೆ ಹೋದವು. ಆ ನೀರಿನಿಂದ ಬಂದ ಕರೆಂಟು ರಾಜ್ಯದ ಪೇಟೆಗಳನ್ನು, ಕಾರ್ಖಾನೆಗಳನ್ನು ಬೆಳಗಿತು. ಎದ್ದು ಹೋದವರನ್ನು ಸರ್ಕಾರವೇ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ಕಾಡು ಜಾಗದಲ್ಲಿ ಕೂರಿಸಿತು. ಕಾಡು ಕಡಿದು ಗದ್ದೆ ಮಾಡಿಕೊಳ್ಳಿ ಎಂದಿತು. ಆದರೆ ಆ ಜಾಗವನ್ನು ಅರಣ್ಯದ ದಾಖಲೆಯಿಂದ ತೆಗೆದು ಅವರ ಹೆಸರಿಗೆ ಮಾಡುವ ಕೆಲಸ ಪೂರ್ತಿ ಆಗಲೇ ಇಲ್ಲ. ನಂತರ ಸರ್ಕಾರಗಳು ಅರೆಬರೆ ಮಾಡಿದ ಡಿನೋಟಿಫಿಕೇಶನ್ ಕೋರ್ಟಿನಲ್ಲಿ ನಿಲ್ಲಲಿಲ್ಲ. ಹಾಗಾಗಿ ನಾಡಿಗಾಗಿ ಊರು ಬಿಟ್ಟವರ ಮೊಮ್ಮಕ್ಕಳು ಇವತ್ತು ಕಾಗದದ ಮೇಲೆ ಅರಣ್ಯ ಒತ್ತುವರಿದಾರರು.

ಅರಣ್ಯ ಹಕ್ಕು ಕಾಯ್ದೆ ಬಂದಿತಲ್ಲ, ಅದರಲ್ಲಿ ಆಗುವುದಿಲ್ಲವೇ ಎಂದು ಕೇಳಬಹುದು. 2006ರ ಆ ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದವರಿಗೆ ಒಂದು ಶರತ್ತು ಹಾಕುತ್ತದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿರಬೇಕು. ಲೆಕ್ಕ ಹಾಕಿದರೆ 1930ಕ್ಕೂ ಹಿಂದಿನಿಂದ. 1960ರ ದಶಕದಲ್ಲಿ ಸರ್ಕಾರವೇ ಕರೆತಂದು ಕೂರಿಸಿದ ಕುಟುಂಬ 1930ರ ಸಾಕ್ಷಿಯನ್ನು ಎಲ್ಲಿಂದ ತರಬೇಕು?

ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರ ಪಾಡು ಇನ್ನೊಂದು ರೀತಿ. ಆಸ್ಪತ್ರೆಗೋ ಕಾಲೇಜಿಗೋ ಹೋಗಬೇಕೆಂದರೆ ಲಾಂಚ್ ಕಾಯಬೇಕಿತ್ತು. ರಾತ್ರಿ ಲಾಂಚ್ ನಿಂತಮೇಲೆ ಹೆರಿಗೆ ನೋವು ಬಂದರೆ ಸುತ್ತು ದಾರಿಯೇ ಗತಿಯಾಗಿತ್ತು. ಆ ಹಿನ್ನೀರು ದಾಟಿಸುವ ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಆರು ದಶಕಕ್ಕೂ ಮೇಲಾಯಿತು. ಈಗ ಅದೇ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬರುತ್ತಿದೆ, ಅಂದರೆ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಸಿಂಗಳೀಕಗಳ ಕಾಡಿನಲ್ಲಿ ಸುರಂಗ ಕೊರೆಯುವ ಯೋಜನೆ ಇದು.

ಇದರ ಜೊತೆಗೆ ಮಲೆನಾಡಿನ ಎಲ್ಲರ ಬಾಯಲ್ಲಿರುವ 'ಸೆಕ್ಷನ್ 4'. ಅರಣ್ಯ ಕಾಯ್ದೆ ಪ್ರಕಾರ ಒಂದು ಜಾಗವನ್ನು ಮೀಸಲು ಅರಣ್ಯ ಮಾಡಲು ಮೊದಲು ಸೆಕ್ಷನ್ 4ರಲ್ಲಿ ಪ್ರಾಥಮಿಕ ಅಧಿಸೂಚನೆ. ಆಮೇಲೆ ಅಧಿಕಾರಿ ಬಂದು ಜನರ ಹಕ್ಕು ಏನೇನಿದೆ ಎಂದು ಕೇಳಬೇಕು. ಎಲ್ಲ ತೀರಿದ ಮೇಲೆ ಸೆಕ್ಷನ್ 17ರಲ್ಲಿ ಅಂತಿಮ ಘೋಷಣೆ. ಎಷ್ಟೋ ಕಡೆ ಮೊದಲ ಹೆಜ್ಜೆ ಇಟ್ಟು ದಶಕಗಟ್ಟಲೆ ಹಾಗೇ ಬಿಟ್ಟಿದ್ದಾರೆ. ಒಳಗೆ ಮನೆ, ತೋಟ, ಶಾಲೆ ಎಲ್ಲ ಇವೆ. ಹಕ್ಕು ಕೇಳಿದವರಿಲ್ಲ, ತೀರಿಸಿದವರಿಲ್ಲ. ಇದರ ಮೇಲೆ ಡೀಮ್ಡ್ ಅರಣ್ಯ ಬಂತು, ಅಂದರೆ ಅಧಿಸೂಚನೆ ಆಗದಿದ್ದರೂ ಕಾಡು ಎಂದೇ ಪರಿಗಣಿಸುವ ಜಾಗ. ಮೊದಲು 9.94 ಲಕ್ಷ ಹೆಕ್ಟೇರ್ ಎಂದು ಲೆಕ್ಕ ಕೊಟ್ಟ ಸರ್ಕಾರ 2022ರಲ್ಲಿ ಅದನ್ನು ಸುಮಾರು 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿತು. ಆರೂವರೆ ಲಕ್ಷ ಹೆಕ್ಟೇರ್ ಒಂದು ದಿನ ಕಾಡು, ಇನ್ನೊಂದು ದಿನ ಕಾಡಲ್ಲ.

ಇಷ್ಟನ್ನು ಕಂಡವರ ಹತ್ತಿರ ಹೋಗಿ, "ಹೆದರಬೇಡಿ, ಈ ಹೊಸ ಅಧಿಸೂಚನೆಯಿಂದ ನಿಮಗೇನೂ ತೊಂದರೆ ಇಲ್ಲ" ಎಂದರೆ ಅವರು ನಂಬಬೇಕೇ? ಕರಡಿನಲ್ಲಿ ಬರೆದಿರುವುದು ನಿಜವೇ ಇರಬಹುದು. ಆದರೆ ಅವರ ಅನುಭವ ಬೇರೆ ಹೇಳುತ್ತದೆ. ಗಾಳಿಸುದ್ದಿ ಅಂಟಿಕೊಂಡದ್ದು ಇಲ್ಲಿ.

ನಮ್ಮನ್ನು ಕೇಳಿದವರು ಯಾರು?

ಗಾಡ್ಗೀಳ್ ವರದಿ 2011ರ ಆಗಸ್ಟ್‌ನಲ್ಲೇ ಕೇಂದ್ರದ ಕೈಸೇರಿತ್ತು. ತಿಂಗಳುಗಟ್ಟಲೆ ಅದನ್ನು ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಕೊಡಲಿಲ್ಲ. ಮಾಹಿತಿ ಆಯೋಗ ಕೊಡಿ ಎಂದಾಗ ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲೂ ಸೋತ ಮೇಲೆ 2012ರ ಮೇ ತಿಂಗಳಲ್ಲಿ ವರದಿ ಹೊರಬಂತು. ಗ್ರಾಮಸಭೆಗಳು ತೀರ್ಮಾನಿಸಲಿ ಎಂದು ಹೇಳುವ ವರದಿಯೇ ಗ್ರಾಮಸಭೆಗಳಿಗೆ ಸಿಗದ ಹಾಗಾಯಿತು. ಬಂದಮೇಲೂ ಅದು ನೂರಾರು ಪುಟದ ಇಂಗ್ಲಿಷ್ ಪುಸ್ತಕ. ಕರಡು ಅಧಿಸೂಚನೆಗಳು ಗೆಜೆಟ್‌ನಲ್ಲಿ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಬರುತ್ತವೆ. ಆಕ್ಷೇಪಣೆಗೆ 60 ದಿನ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗಿರುವ ಊರಿನವರು ಆ 60 ದಿನದಲ್ಲಿ ಏನು ಮಾಡಬೇಕು?

ಕಸ್ತೂರಿರಂಗನ್ ತಂಡ ಉಪಗ್ರಹ ಚಿತ್ರ ನೋಡಿ ಗಡಿ ಗುರುತಿಸಿತು. ಒಂದು ಊರಿನ 20% ಅಥವಾ ಅದಕ್ಕಿಂತ ಜಾಸ್ತಿ ಭಾಗ ಸೂಕ್ಷ್ಮ ಪ್ರದೇಶವಾದರೆ ಇಡೀ ಊರು ಪಟ್ಟಿಗೆ. ನೆರಳಿನ ಮರಗಳ ಕೆಳಗೆ ಬೆಳೆದ ಕಾಫಿ ತೋಟ ಮೇಲಿನಿಂದ ಕಾಡಿನ ಹಾಗೇ ಕಾಣುತ್ತದೆ, ನಮ್ಮ ತೋಟವನ್ನೇ ಕಾಡು ಅಂದುಕೊಂಡಿದ್ದಾರೆ ಎಂಬುದು ಕೊಡಗು, ಚಿಕ್ಕಮಗಳೂರಿನವರ ದೊಡ್ಡ ತಕರಾರು. ಇದರೊಳಗೆ ಒಂದು ನೋವಿದೆ. ಮರ ಉಳಿಸಿಕೊಂಡು ಕಾಫಿ ಬೆಳೆದವನ ತೋಟ ಪಟ್ಟಿಯೊಳಗೆ, ಮೊದಲೇ ಮರವೆಲ್ಲ ಬೋಳಿಸಿದವನ ಜಾಗ ಪಟ್ಟಿಯಿಂದ ಹೊರಗೆ. ಕಾಪಾಡಿದ್ದಕ್ಕೇ ದಂಡ ತೆತ್ತ ಹಾಗೆ.

ಮಲೆನಾಡಿನವರ ಬಾಯಲ್ಲಿ ಕಾಡಿಗೆ ಒಂದೇ ಹೆಸರಿಲ್ಲ. ಕಾನು, ಸೊಪ್ಪಿನ ಬೆಟ್ಟ, ಕುಮ್ಕಿ, ಬಾಣೆ, ದೇವರಕಾಡು. ಒಂದೊಂದಕ್ಕೂ ಒಂದೊಂದು ಹಕ್ಕು, ಒಂದೊಂದು ಜವಾಬ್ದಾರಿ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತೆಕರೆಯವರೆಗೆ ಸೊಪ್ಪಿನ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ಇದೆ. ಸೊಪ್ಪು, ದರಕು (ಒಣಗಿದ ಎಲೆ) ತರಬಹುದು, ಮರ ಕಡಿಯುವಂತಿಲ್ಲ. ಉಪಗ್ರಹಕ್ಕೆ ಇದೆಲ್ಲ ಒಂದೇ ಹಸಿರು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತು ಇಲ್ಲಿ ನೆನಪಾಗುತ್ತದೆ. ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಹಾಕುವ 'ತರಗು ಬೆಂಕಿ' ಅವರ ಪದ್ಧತಿ. ವನ್ಯಧಾಮವಾದ ಮೇಲೆ ಅದನ್ನು ನಿಲ್ಲಿಸಿದರು. ಲಂಟಾನ ಕಳೆ ಬೆಟ್ಟ ತುಂಬ ಹಬ್ಬಿದ್ದು ಅದರಿಂದಲೇ ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ. 2011ರಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಪೋಡುಗಳಿಗೆ, ಅಂದರೆ ಅವರ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹುಲಿ ಕಾಡಿನೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಹುಲಿಗಳು ಅದರಿಂದ ಓಡಿಹೋಗಲಿಲ್ಲ.

ಕೇರಳ ಸ್ವಲ್ಪ ಬೇರೆ ದಾರಿ ಹಿಡಿಯಿತು. ಅಲ್ಲಿನ ಸರ್ಕಾರ ಉಮ್ಮನ್ ವಿ. ಉಮ್ಮನ್ ಸಮಿತಿ ಮಾಡಿ, ಪಂಚಾಯ್ತಿ ಮಟ್ಟದಲ್ಲಿ ಜಾಗ ಅಳೆದು ನೋಡಿತು. ಮನೆ, ತೋಟಗಳನ್ನು ಬಿಟ್ಟು 13,108 ಚದರ ಕಿಲೋಮೀಟರ್ ಇದ್ದದ್ದು 9,993.7ಕ್ಕೆ ಇಳಿಯಿತು. ಅದರಲ್ಲಿ ಅಗತ್ಯಕ್ಕಿಂತ ಜಾಸ್ತಿ ಬಿಟ್ಟರು ಎಂದು ಬೇಸರಪಟ್ಟವರಿದ್ದಾರೆ. ಆದರೂ ಊರಿನವರು ತಮ್ಮ ಸರ್ವೆ ನಂಬರಿನ ಮೇಲೆ ಬೆರಳಿಟ್ಟು ಮಾತಾಡುವ ಅವಕಾಶವಾದರೂ ಸಿಕ್ಕಿತು. ನಮ್ಮಲ್ಲಿ ಸರ್ಕಾರಗಳು ಮತ್ತೆ ಮತ್ತೆ ಬೇಡ ಎಂದವು. 2024ರ ಜುಲೈ 31ರಂದು ಕೇಂದ್ರ ಆರನೇ ಕರಡು ಹೊರಡಿಸಿತು. ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಂಪುಟ ಮತ್ತೊಮ್ಮೆ ತಿರಸ್ಕರಿಸಿತು. ಬೇಡ ಎನ್ನುವುದು ಸುಲಭ. ಊರೂರಿಗೆ ಹೋಗಿ ಅಳೆಯುವುದು ಕಷ್ಟ.

ಆರನೇ ಕರಡು ಬಂದ ಹಿಂದಿನ ದಿನ ಬೆಳಗಿನ ಜಾವ ವಯನಾಡಿನ ಮುಂಡಕೈ, ಚೂರಲ್‌ಮಲ ಮಣ್ಣಿನಡಿ ಹೋಗಿದ್ದವು. ನೂರಾರು ಜನ ಸತ್ತರು. ಅವರಲ್ಲಿ ಬಹಳಷ್ಟು ಜನ ಚಹಾ ತೋಟದ ಕೂಲಿಯವರು. ಹಾಗಾಗಿ ನ್ಯಾಯದ ಮಾತಾಡುವಾಗ ನಾವು ಇನ್ನೊಂದು ಬದಿಯನ್ನೂ ನೋಡಲೇಬೇಕು. ಸಣ್ಣ ರೈತನ ಭಯದ ಹಿಂದೆ ಅಡಗಿ ನಿಂತವರು ಇದ್ದಾರೆ. ಕ್ವಾರಿ ನಡೆಸುವವರು, ಗುಡ್ಡದ ನೆತ್ತಿಯಲ್ಲಿ ರೆಸಾರ್ಟ್ ಕಟ್ಟುವವರು, ನೂರಾರು ಎಕರೆ ಒತ್ತಿಕೊಂಡವರು. ಒಂದೂವರೆ ಎಕರೆಯ ಬಗರ್ ಹುಕುಂ ರೈತನ ಹೆಸರಲ್ಲಿ ಅವರ ಕೆಲಸವೂ ಆಗುತ್ತದೆ. ಗುಡ್ಡ ಜಾರಿದಾಗ ಕೆಳಗಿನ ಲೈನ್ ಮನೆಯಲ್ಲಿ ಮಲಗಿರುವುದು ಅವರಲ್ಲ. ಕಾಡು ಉಳಿಸದೇ ಇರುವುದೂ ಅನ್ಯಾಯವೇ, ಮತ್ತು ಅದರ ಹೊಡೆತ ಬೀಳುವುದು ಇನ್ನೂ ಬಡವರಿಗೆ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ, ಆದರೆ ಒಂದನ್ನು ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ಒಪ್ಪಿದ ಕಡೆ ಏನಾಗಿತ್ತು?

ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳಿಂದ 2001–02ರ ಹೊತ್ತಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಆನೆ ಹಂದಿ ಕಾಟಕ್ಕೆ ಬೆಳೆ ಕೈಗೆ ಬರುತ್ತಿರಲಿಲ್ಲ, ಶಾಲೆ ಆಸ್ಪತ್ರೆ ದೂರ. ಎಷ್ಟೋ ಜನಕ್ಕೆ ಹೊರಗೆ ಬರುವ ಮನಸ್ಸಿತ್ತು. ಆದರೂ ಮಾತುಕತೆ ವರ್ಷಾನುಗಟ್ಟಲೆ ನಡೆಯಿತು. ಎಂ.ಸಿ. ಹಳ್ಳಿ ಮತ್ತು ಕೆಳಗೂರಿನಲ್ಲಿ ಬೇಸಾಯಕ್ಕೆ ಒಳ್ಳೆಯ ಜಮೀನು ಸಿಕ್ಕಿತು. ನಂತರ ನಡೆದ ಅಧ್ಯಯನದಲ್ಲಿ ಬಹುಪಾಲು ಮನೆಯವರು ಬದುಕು ಸುಧಾರಿಸಿದೆ ಎಂದರು. ನಾಗರಹೊಳೆಯಲ್ಲಿ ಹೀಗಾಗಲಿಲ್ಲ. ದಶಕಗಳ ಹಿಂದೆ ಕಾಡಿನಿಂದ ಹೊರಬಿದ್ದು ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿ ಮಾಡಿಕೊಂಡಿದ್ದ ಜೇನು ಕುರುಬರ ಐವತ್ತಕ್ಕೂ ಹೆಚ್ಚು ಕುಟುಂಬಗಳು 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ ತಾವಾಗಿಯೇ ನಡೆದು ವಾಪಸ್ ಬಂದು ಗುಡಿಸಲು ಹಾಕಿದವು.

ಹಾಗಾದರೆ ದುಡ್ಡು ಕೊಟ್ಟರೆ ಸಾಕಾ? ಇಲ್ಲಿ ಸ್ವಿಟ್ಜರ್‌ಲೆಂಡಿನ ಒಂದು ಘಟನೆ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ವುಲ್ಫೆನ್‌ಶೀಸನ್ ಎಂಬ ಸಣ್ಣ ಊರಿನ ಹತ್ತಿರ ಅಣು ತ್ಯಾಜ್ಯ ಹೂಳುವ ಪ್ರಸ್ತಾವ ಇತ್ತು. 1993ರಲ್ಲಿ ಸಂಶೋಧಕರು ಅಲ್ಲಿನವರನ್ನು ಕೇಳಿದಾಗ 50.8% ಜನ ಒಪ್ಪಿದರು. ದೇಶಕ್ಕೆ ಎಲ್ಲೋ ಒಂದು ಕಡೆ ಬೇಕಲ್ಲ, ನಮ್ಮಲ್ಲೇ ಆಗಲಿ ಎಂದು. ಆಮೇಲೆ, ಇದಕ್ಕೆ ಪ್ರತಿ ವರ್ಷ ನಿಮಗೆ ಹಣ ಕೊಡುತ್ತೇವೆ ಎಂದು ಸೇರಿಸಿ ಕೇಳಿದರು. ಒಪ್ಪಿದವರು 24.6%ಗೆ ಇಳಿದರು. ಹಣದ ಮಾತು ಬಂದ ಕೂಡಲೇ ನಾಡಿನ ಕೆಲಸ ಎಂಬುದು ಹೋಗಿ ವ್ಯಾಪಾರ ಎಂದಾಯಿತು. ತಮ್ಮನ್ನು ಕೊಂಡುಕೊಳ್ಳಲು ಬಂದಿದ್ದಾರೆ ಎಂದು ಜನಕ್ಕೆ ಅನಿಸಿದರೆ ದುಡ್ಡೇ ಅಡ್ಡಿಯಾಗುತ್ತದೆ.

ಆದರೆ ಮರ್ಯಾದೆಯ ಜೊತೆ ಬಂದ ದುಡ್ಡು ಬೇರೆ. ನ್ಯೂಯಾರ್ಕ್ ನಗರ ಕುಡಿಯುವ ನೀರು ಬರುವುದು ಬಹಳಷ್ಟು ಮಟ್ಟಿಗೆ ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ. 1990ರ ಹೊತ್ತಿಗೆ ನೀರು ಕೆಡದಿರಲಿ ಎಂದು ನಗರ ಬೆಟ್ಟದ ರೈತರ ಮೇಲೆ ಬಿಗಿ ನಿಯಮಗಳ ಕರಡು ತಂದಿತು. ರೈತರು ಸಿಟ್ಟಾದರು. ಅವರ ಹಿಂದಿನವರ ಊರುಗಳನ್ನು ಇದೇ ನಗರ ತನ್ನ ಜಲಾಶಯಗಳಿಗಾಗಿ ಮುಳುಗಿಸಿತ್ತು. ನಮ್ಮ ಶರಾವತಿಯದೇ ಕಥೆ ನೋಡಿ. ನಗರ ಆ ಕರಡನ್ನು ಬದಿಗಿಟ್ಟು ರೈತರ ಜೊತೆ ಕೂತಿತು. ಕೊಟ್ಟಿಗೆಯ ಸಗಣಿ ನೀರು ಹೊಳೆ ಸೇರದಂತೆ ಮಾಡುವ ಯೋಜನೆಯನ್ನು ರೈತರೇ ನಡೆಸುವ ಮಂಡಳಿಗೆ ಬಿಟ್ಟಿತು. ಸೇರುವುದು ಬಿಡುವುದು ರೈತರ ಇಷ್ಟ, ಖರ್ಚು ನಗರದ್ದು. ಐದು ವರ್ಷದಲ್ಲಿ 85% ರೈತರು ಸೇರಬೇಕು ಎಂಬುದು ಒಪ್ಪಂದ. ಅದಕ್ಕೂ ಜಾಸ್ತಿ ಜನ ಸೇರಿದರು. 1997ರಲ್ಲಿ ದೊಡ್ಡ ಒಪ್ಪಂದವೇ ಆಯಿತು. ನೀರು ಶುದ್ಧ ಮಾಡುವ ಘಟಕಕ್ಕೆ ಸುರಿಯಬೇಕಿದ್ದ ನೂರಾರು ಕೋಟಿ ಡಾಲರ್ ನಗರಕ್ಕೆ ಉಳಿಯಿತು.

ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಶಿವಮೊಗ್ಗ, ದಾವಣಗೆರೆ ಕುಡಿಯುವುದು ತುಂಗಭದ್ರೆಯ ಮಡಿಲಿನ ನೀರು. 2024ರ ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಒಂದು ಪ್ರಸ್ತಾವ ಇಟ್ಟರು. ಘಟ್ಟದ ನದಿ ನೀರು ಬಳಸುವ ಪೇಟೆಗಳ ನೀರಿನ ಬಿಲ್ಲಿಗೆ ತಿಂಗಳಿಗೆ 2–3 ರೂಪಾಯಿ ಹಸಿರು ಸೆಸ್ ಹಾಕಿ, ಅದನ್ನು ಘಟ್ಟದ ರಕ್ಷಣೆಗೆ ಇಡೋಣ ಎಂದು. ಒಂದು ಚಹಾದ ಬೆಲೆಗಿಂತಲೂ ಕಡಿಮೆ. ಆದರೂ ಪೇಟೆಯಲ್ಲಿ ಎದ್ದ ಪ್ರಶ್ನೆ ಅದೇ ಹಳೆಯದು: ನಾವೇ ಯಾಕೆ ಕೊಡಬೇಕು? ಘಟ್ಟದ ಮೇಲಿನವರನ್ನು ಸ್ವಾರ್ಥಿಗಳು ಎಂದ ಬಾಯಲ್ಲೇ ಈ ಮಾತು ಬಂದಾಗ ನನಗೆ ಬೇಜಾರಾಯಿತು.

ಅಲ್ಲದೆ ಕಾಡಿಗೆಂದು ಬರುವ ದುಡ್ಡು ಈಗಾಗಲೇ ಇದೆ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಾಗ 14ನೇ ಹಣಕಾಸು ಆಯೋಗ ಕಾಡಿನ ವಿಸ್ತೀರ್ಣಕ್ಕೆ 7.5% ತೂಕ ಕೊಟ್ಟಿತು. 15ನೇ ಆಯೋಗ ಅದನ್ನು 10%ಗೆ ಏರಿಸಿತು. ಕಾಡು ಜಾಸ್ತಿ ಉಳಿಸಿಕೊಂಡ ರಾಜ್ಯಕ್ಕೆ ಪಾಲು ಜಾಸ್ತಿ ಎಂಬ ಒಳ್ಳೆಯ ಯೋಚನೆ ಅದು. ಕರ್ನಾಟಕದ ಲೆಕ್ಕದಲ್ಲಿ ಆ ಹಸಿರಿನ ದೊಡ್ಡ ಭಾಗ ಘಟ್ಟದ ಜಿಲ್ಲೆಗಳದ್ದು. ಆದರೆ ಆ ತೂಕದಿಂದ ಬಂದ ಹಣ ಬೆಂಗಳೂರಿನ ಖಜಾನೆ ಸೇರುತ್ತದೆ. ಅಲ್ಲಿಂದ ಕಾಡಿರುವ ಪಂಚಾಯ್ತಿಗೆ ಇಂತಿಷ್ಟು ಎಂದು ಬರುವ ನಿಯಮವಿಲ್ಲ. ರಾಜ್ಯಕ್ಕೆ ಅನ್ವಯಿಸಿದ ಸೂತ್ರವನ್ನೇ ರಾಜ್ಯದೊಳಗೂ ಹಚ್ಚಿ, ಸಾಲ್ಕಣಿಯಂಥ ಊರಿನ ಪಂಚಾಯ್ತಿಗೆ ಅದರ ಬೆಟ್ಟ, ಕಾನುಗಳ ಲೆಕ್ಕದಲ್ಲಿ ಪ್ರತಿ ವರ್ಷ ಪಾಲು ಕೊಡಬಹುದು. ಇದಕ್ಕೆ ದೆಹಲಿಯ ಏಳನೇ ಕರಡನ್ನು ಕಾಯಬೇಕಿಲ್ಲ. ಜೊತೆಗೆ ಸರ್ವೆ ನಂಬರಿರುವ ನಕ್ಷೆಯನ್ನು ಕನ್ನಡದಲ್ಲಿ ತಂದು, ಸುಗ್ಗಿ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಗ್ರಾಮಸಭೆಯ ಮುಂದೆ ಹಾಸಿ ಕೂರುವ ಒಬ್ಬ ಅಧಿಕಾರಿ ಬೇಕು. ಸೆಕ್ಷನ್ 4ರ ಹಳೆಯ ಕಡತವನ್ನೂ ಅವರು ಕೈಯಲ್ಲಿ ಹಿಡಿದುಕೊಂಡೇ ಬರಲಿ. ಜನ ಮೊದಲು ಕೇಳುವುದು ಅದನ್ನೇ.